ಹತ್ತು ಗಂಟೆಯ ಅತ್ತಿಮರ

ನಾನು ಕಳೆದ ನವೆಂಬರಿನಲ್ಲಿ ಮೂಡಿಗೆರೆಯಲ್ಲಿ ಮಾಡಿದ ಭಾಷಣವನ್ನೇ ನಮ್ಮ ಮಹಿಳಾ ಸಂಘದ ವರ್ಷದ ಸಂಚಿಕೆಗೆ ಬರೆದು ಕೊಡಬೇಕೆಂದು ಕೇಳಿದ್ದಾರೆ. ‘ಮರದಡಿಯ ಒಂದು ಗಂಟೆ’ ಎಂದು ಹೆಸರನ್ನೂ ಅವರೇ ಇಟ್ಟಿದ್ದಾರೆ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಒಂದೇ ವಾಕ್ಯದ ಹತ್ತಿರ ಬಂದು ಪೆನ್ನು ನಿಂತಿತು. ಅಂದು ಹೆಚ್ಚು ಚಪ್ಪಾಳೆ ಬಿದ್ದದ್ದು ಆ ವಾಕ್ಯಕ್ಕೇ. ಹಾಗಾಗಿ ಭಾಷಣ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಕೈ ನಡುಗಲು ಶುರುವಾಯಿತು. ಮೊದಲು ಅದನ್ನು ಕಂಡುಹಿಡಿದದ್ದು ಕಾಫಿ ಟ್ರೇ. ಬಂದವರಿಗೆ ಕಾಫಿ ತರುವಾಗ ಸಾಸರಿನ ಮೇಲೆ ಕಪ್ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ನಾನು ಚಿಕ್ಕಮಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದಿದವಳು. ಟ್ರೇ ಹಿಡಿಯುವುದನ್ನೂ ಅಲ್ಲಿ ಪಾಠದಂತೆ ಕಲಿಸಿದ್ದರು. ಮೊಣಕೈ ಮೈಗೆ ತಾಗಿರಬೇಕು, ಕಣ್ಣು ಕಪ್ಪಿನ ಮೇಲಲ್ಲ, ಅತಿಥಿಯ ಮುಖದ ಮೇಲಿರಬೇಕು. ಆ ಪಾಠವೂ ಕೈಕೊಟ್ಟಿತು. ಆಮೇಲೆ ನಿದ್ದೆ ಹೋಯಿತು. ಕಾರಣವೇ ಇಲ್ಲದೆ ಎದೆ ಹೊಡೆದುಕೊಳ್ಳುವುದು, ಒಗ್ಗರಣೆ ಹಾಕುತ್ತಿದ್ದವಳು ಸಾಸಿವೆ ಡಬ್ಬಿ ಹಿಡಿದುಕೊಂಡು ಅಳುವುದು, ಫೋನ್ ಬಡಿದರೆ ಯಾರಿಗೋ ಏನೋ ಆಗಿದೆ ಎಂದು ಕೈಕಾಲು ತಣ್ಣಗಾಗುವುದು, ಹೀಗೆ. ರಕ್ತ ಪರೀಕ್ಷೆ, ಎದೆಯ ಪರೀಕ್ಷೆ ಎಲ್ಲ ಆಯಿತು. ಬಿಪಿ ಸ್ವಲ್ಪ ಏರಿತ್ತು, ಅಷ್ಟೆ.

ನಮ್ಮ ಕಡೆ ಹೊಟ್ಟೆ, ಬೆನ್ನು, ಮಂಡಿ ಏನು ಕೆಟ್ಟರೂ ಮದುವೆಮನೆಯಲ್ಲಿ ಊಟಕ್ಕೆ ಕೂತು ಹೇಳಿಕೊಳ್ಳಬಹುದು. ಮನಸ್ಸು ಕೆಟ್ಟರೆ ಹೇಳುವ ಹಾಗಿಲ್ಲ. ನಾನು ಕೇಳಿದವರಿಗೆಲ್ಲ ಗ್ಯಾಸ್ಟ್ರಿಕ್ ಎಂದೆ. ಯಜಮಾನರು ಬಿಪಿ ಎಂದರು. ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲವಾದ್ದರಿಂದ ಕಳಸದಲ್ಲಿ ನನ್ನ ತವರಿನವರ ಗೃಹಪ್ರವೇಶದ ದಿನ ಅತ್ತಿಗೆಯ ಮುಂದೆ ಎರಡೂ ಒಟ್ಟಿಗೆ ಹೊರಗೆ ಬಂದವು. ಆಕೆ ನಮ್ಮಿಬ್ಬರ ಮುಖವನ್ನೂ ನೋಡಿ, ಹೋಳಿಗೆಗೆ ತುಪ್ಪ ಹಾಕುವುದನ್ನು ನಿಲ್ಲಿಸದೆ, ಎರಡೂ ಇರಬಹುದು ಬಿಡಿ ಎಂದಳು. ನಾನು ತಟ್ಟೆ ನೋಡುತ್ತಾ ಕೂತೆ. ನಾಚಿಕೆ ಎಂದರೆ ಅದೇ ಎಂದು ಆಗ ತಿಳಿದಿದ್ದೆ.

ಕೊನೆಗೆ ಚಿಕ್ಕಮಗಳೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಮನೆ ಎಲ್ಲಿ ಎಂದರು. ಬಣಕಲ್ ಹತ್ತಿರ, ತೋಟದಲ್ಲೇ ಎಂದೆ. ತೋಟದೊಳಗೆ ಸುಮ್ಮನೆ ನಡೆದು ಎಷ್ಟು ದಿನವಾಯಿತು ಎಂದು ಕೇಳಿದರು. ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ. ಅಡುಗೆಮನೆ, ಜಗಲಿ, ಕಾಫಿ ಒಣಗಿಸುವ ಕಣ, ಕಾರು, ಇಷ್ಟೇ ನನ್ನ ತೋಟ. ಮರಗಳನ್ನು ನಾನು ನೋಡಿದ್ದೆಲ್ಲ ಕಿಟಕಿಯ ಸರಳುಗಳ ನಡುವಿನಿಂದ. ಡಾಕ್ಟರು ಒಂದು ಸಣ್ಣ ಮಾತ್ರೆ ಬರೆದು, ಅದರ ಕೆಳಗೆ ಅದೇ ಚೀಟಿಯಲ್ಲಿ ಬರೆದರು: ದಿನಾ ಒಂದು ಗಂಟೆ ಮರದ ಕೆಳಗೆ. ಫೋನ್ ಬೇಡ, ಕೆಲಸ ಬೇಡ. ಚೀಟಿಯಲ್ಲಿ ಬರೆಯದಿದ್ದರೆ ನೀವು ಮಾಡುವುದಿಲ್ಲ ಎಂದರು. ಕಣ್ಣು ಮುಚ್ಚಿ ಕೂತು ಐದು ಬೇರೆ ಬೇರೆ ಸದ್ದು ಗುರುತಿಸಬೇಕು, ಆಮೇಲೆ ಕಣ್ಣು ಬಿಟ್ಟು ಐದು ಹಸಿರು. ಇದರಿಂದ ನಿದ್ದೆ, ರಕ್ತದೊತ್ತಡ, ಮನಸ್ಸು ಮೂರೂ ನಿಧಾನವಾಗಿ ದಾರಿಗೆ ಬರುತ್ತವೆ, ಅವಸರ ಮಾಡಬೇಡಿ ಎಂದರು.

ಮಳೆ ಹಿಡಿದಿತ್ತು, ರಕ್ತ ಹೀರುವ ಇಂಬಳದ ಕಾಟ ಬೇರೆ. ಸೆಪ್ಟೆಂಬರ್ ನಡುವಿನಲ್ಲಿ ಮಳೆ ಬಿಟ್ಟು ಸ್ವಲ್ಪ ಹೊಳವಾದ ಮೇಲೆ ಶುರುಮಾಡಿದೆ. ಮನೆಯ ಬೆಳಗಿನ ಕೆಲಸ ಮುಗಿಯುವುದು ಒಂಬತ್ತೂವರೆಗೆ, ಆದ್ದರಿಂದ ಹತ್ತು ಗಂಟೆ ಎಂದು ಗೊತ್ತುಮಾಡಿಕೊಂಡೆ. ಹಾವು, ಇಂಬಳ, ಜಾರಿಕೆ ಎಲ್ಲಕ್ಕೂ ಇರಲಿ ಎಂದು ಬಾಗಿಲ ಹಿಂದಿದ್ದ ಅತ್ತೆಯವರ ಕೊಡೆ ತೆಗೆದುಕೊಂಡೆ. ಉದ್ದನೆಯ ಕರಿ ಕೊಡೆ, ಬೆತ್ತದ ಹಿಡಿ, ಊರಿಕೊಂಡು ನಡೆಯಲು ಗಟ್ಟಿ. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವರ ಕಾಲದಲ್ಲಿ ಅವರು ಆ ಕೊಡೆ ಹಿಡಿದು ತೋಟಕ್ಕೆ ಇಳಿದರೆ ಕೆಲಸದ ಮೇಲೆ ಕಣ್ಣಿಡಲು ಬಂದರು ಎಂದೇ ಅರ್ಥ. ಅವರು ತೋಟದಲ್ಲಿರುವಷ್ಟು ಹೊತ್ತು ಯಾರೂ ಕೂರುತ್ತಿರಲಿಲ್ಲ. ಇದು ನನಗೆ ಗೊತ್ತಿರದ ವಿಷಯವಲ್ಲ. ಹೊಸ ಸೊಸೆಯಾಗಿದ್ದಾಗ ಜಗಲಿಯಿಂದ ಕಣ್ಣಾರೆ ನೋಡಿದ್ದೆ. ಆದರೆ ಅಂದು ನೆನಪಿಗೆ ಬರಲಿಲ್ಲ. ನಾನು ಕೊಡೆಯನ್ನು ಕೊಡೆ ಎಂದೇ ತೆಗೆದುಕೊಂಡೆ.

ಮನೆಯಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಹಳ್ಳ. ಹಳ್ಳದ ದಂಡೆಯಲ್ಲಿ ಒಂದು ದೊಡ್ಡ ಅತ್ತಿಮರ. ಬೇರುಗಳು ಮೊಣಕಾಲೆತ್ತರಕ್ಕೆ ಎದ್ದು, ನಡುವೆ ನೆಲ ನುಣ್ಣಗೆ, ಹುಲ್ಲಿಲ್ಲದೆ, ಗುಡಿಸಿದ ಹಾಗಿತ್ತು. ನೋಡಿದ ಕೂಡಲೇ ಇದೇ ಜಾಗ ಎಂದುಕೊಂಡೆ. ಮೇಲಿನ ಅರೇಬಿಕಾ ಕಾಫಿಯ ಪಟ್ಟೆಯಲ್ಲಿ ಏಳೆಂಟು ಹೆಂಗಸರು ಗಿಡಗಳ ಬೇಡದ ಚಿಗುರು ತೆಗೆಯುತ್ತಿದ್ದರು. ನಾನು ಬರುವವರೆಗೆ ಮಾತು, ನಗು ಕೇಳುತ್ತಿತ್ತು. ನಾನು ಇಳಿಯುತ್ತಿದ್ದ ಹಾಗೆ ನಿಂತಿತು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಂಗಸು, ನನಗಿಂತ ಎರಡು ವರ್ಷ ಮೊದಲೇ ಈ ತೋಟಕ್ಕೆ ಬಂದವಳು, ಗಿಡಗಳ ನಡುವಿನಿಂದ ನೋಡಿ, ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡಳು. ನಾನು ನಕ್ಕೆ. ಅವಳೂ ನಕ್ಕಳು. ಬೇರಿನ ಮೇಲೆ ಕೂತು ಕಣ್ಣು ಮುಚ್ಚಿದೆ.

ಈ ಹಿರಿಯ ಹೆಂಗಸನ್ನು ನಾನು ಏನೆಂದು ಕರೆಯುತ್ತಿದ್ದೆ ಎನ್ನುವುದನ್ನೂ ಹೇಳಿಬಿಡಬೇಕು. ಬಂದ ಹೊಸತರಲ್ಲಿ ಅಕ್ಕಾ ಎಂದಿದ್ದೆ. ಅತ್ತೆ ಒಳಗೆ ಕರೆದು, ಹಾಗೆಲ್ಲ ಕರೆದರೆ ನಾಳೆ ಕೆಲಸ ಹೇಳುವುದು ಕಷ್ಟ ಎಂದಿದ್ದರು. ಹೆಸರು ಹಿಡಿದು ಕರೆಯಲು ಬಾಯಿ ಬರಲಿಲ್ಲ. ಹಾಗಾಗಿ ಇಪ್ಪತ್ತಾರು ವರ್ಷ ಏನೂ ಕರೆಯದೆ, ‘ಇಲ್ಲಿ ನೋಡು’ ಎಂದೇ ಕಳೆದಿದ್ದೆ.

ಆ ಜಾಗದಲ್ಲಿ ನಾನು ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅತ್ತಿ ಎಲೆಯ ಬೆನ್ನು ಚಳಿಗೆ ಬಿರಿದ ಸಣ್ಣ ಮಕ್ಕಳ ಗಲ್ಲದ ಹಾಗೆ ಒರಟು-ನುಣುಪು. ಬೊಡ್ಡೆಯ ಮೇಲೆ ಬೂದಿ ಬಣ್ಣದ ಮಚ್ಚೆ, ಭೂಪಟದ ಹಾಗೆ. ಒಂದು ಬೇರಿನ ಸಂದಿಯಲ್ಲಿ ಹಳೆಯ ಎಲೆಅಡಿಕೆಯ ಕೆಂಪು, ದಿನದಿಂದ ದಿನಕ್ಕೆ ಮಾಸುತ್ತಿದೆ. ಮಸಿ ಹಿಡಿದ ಮೂರು ಕಲ್ಲು, ಅವುಗಳ ಮೇಲೆ ಎಳೆ ಪಾಚಿ ಏಳುತ್ತಿದೆ. ಬೇರಿನ ಕೊಕ್ಕೆಗೆ ಸಿಕ್ಕಿಸಿದ ಹಲ್ಲು ಮುರಿದ ಬಾಚಣಿಗೆ. ಇಷ್ಟನ್ನೂ ಬರೆದಿದ್ದೇನೆ. ಯಾರದು ಎಂದು ಮಾತ್ರ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮಸಿಕಲ್ಲಿನ ಪಕ್ಕದಲ್ಲಿ ‘ಎಷ್ಟು ಚೆಂದ’ ಎಂದು ಬರೆದಿದೆ, ನನ್ನದೇ ಕಾನ್ವೆಂಟಿನ ದುಂಡು ಅಕ್ಷರದಲ್ಲಿ.

ಎಲ್ಲಕ್ಕಿಂತ ಹೆಚ್ಚು ಬರೆದದ್ದು ಮೌನದ ಬಗ್ಗೆ. ಎಂಥ ಮೌನ! ಏಳೆಂಟು ಜನ ಕೂಗಳತೆಯಲ್ಲಿದ್ದರೂ ಒಂದು ಮಾತಿಲ್ಲ. ಚಿಗುರು ಮುರಿಯುವ ಚಟ್ ಚಟ್, ಹಳ್ಳ, ಕುಟ್ರು ಹಕ್ಕಿ. ಮರಗಳ ನಡುವೆ ಇದ್ದೂ ಇದ್ದೂ ಇವರಿಗೆ ಮಾತೇ ಬೇಡವಾಗಿದೆ ಎಂದುಕೊಂಡೆ.

ನಾನು ಗುಣವಾಗುತ್ತಾ ಬಂದೆ. ಇದರಲ್ಲಿ ಸುಳ್ಳಿಲ್ಲ, ಈಗಲೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಮೊದಲ ವಾರ ಐದು ಸದ್ದು ಗುರುತಿಸುವಷ್ಟು ಹೊತ್ತು ಕೂರಲಾಗದೆ ಮೂರಕ್ಕೇ ಎದ್ದು ಬರುತ್ತಿದ್ದೆ. ಎರಡನೆಯ ವಾರ ಗಂಟೆ ಹೋದದ್ದು ತಿಳಿಯಲಿಲ್ಲ. ಆಮೇಲೆ ಒಂದು ಗಂಟೆ ಒಂದೂವರೆಯಾಯಿತು. ಉಸಿರು ಹೊಟ್ಟೆಯವರೆಗೆ ಇಳಿಯುವುದು ಗೊತ್ತಾಗತೊಡಗಿತು. ದಸರಾ ಹೊತ್ತಿಗೆ ರಾತ್ರಿ ಮಲಗಿದರೆ ಬೆಳಗಿನ ಹಾಲಿನವನ ಗಂಟೆಗೇ ಎಚ್ಚರ. ಸೂಜಿಗೆ ದಾರ ಪೋಣಿಸಿದೆ, ಒಂದೇ ಸಲಕ್ಕೆ. ಟ್ರೇ ಸುಮ್ಮನಾಯಿತು. ಡಾಕ್ಟರು ಬಿಪಿ ನೋಡಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ, ನಿಮ್ಮ ಮರಕ್ಕೆ ನನ್ನ ನಮಸ್ಕಾರ ಹೇಳಿ ಎಂದರು.

ಯಜಮಾನರಿಗೆ ಎಷ್ಟು ಖುಷಿಯಾಯಿತೆಂದರೆ, ಬೇರಿನ ಮೇಲೆ ಕೂತು ಸೊಂಟ ಹಿಡಿಯುತ್ತದೆ ಎಂದು ಸಿಲ್ವರ್ ಓಕ್ ಹಲಗೆಯಲ್ಲಿ ಒಂದು ಬೆಂಚು ಮಾಡಿಸಿದರು. ಅದನ್ನು ಹೊತ್ತು ತಂದ ದಿನ ನಾನೂ ಇದ್ದೆ. ಸಮತಟ್ಟಾದ ಜಾಗದಲ್ಲಿ ಆ ಮೂರು ಮಸಿಕಲ್ಲು ಅಡ್ಡ ಇದ್ದವು. ಕೆಲಸದವರನ್ನು ನೋಡಿಕೊಳ್ಳುವ ಮೇಸ್ತ್ರಿ ಅವನ್ನು ನೋಡಿದ, ನನ್ನನ್ನು ನೋಡಿದ.

“ಈ ಕಲ್ಲು ಎಂತ ಮಾಡದು ಅಮ್ಮ?” ಎಂದ.

ಹಳ್ಳಕ್ಕೆ ಹಾಕಿಬಿಡಿ ಎಂದೆ. ಅವನು ಕಲ್ಲಿನ ಹತ್ತಿರ ಬಗ್ಗಿ ಮತ್ತೆ ನನ್ನತ್ತ ನೋಡಿದ. ನಾನು ಮತ್ತೇನಾದರೂ ಹೇಳಬಹುದೆಂದು ಕಾಯುತ್ತಿದ್ದನೋ ಏನೋ. ಆಮೇಲೆ ಆಯ್ತಮ್ಮ ಎಂದು ಒಂದೊಂದೇ ಎತ್ತಿ ನೀರಿಗೆ ಹಾಕಿದ. ಕಲ್ಲು ನೀರಿಗೆ ಬಿದ್ದ ಸದ್ದನ್ನು ನಾನು ಅಂದಿನ ಐದರಲ್ಲಿ ಸೇರಿಸಿಕೊಂಡೆ.

ನವೆಂಬರಿನಲ್ಲಿ ಸಂಘದವರು ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದರು. ಮನಸ್ಸಿನ ಕಾಯಿಲೆ ಎಂದು ಬಾಯಿಬಿಟ್ಟು ಹೇಳಬೇಕೆಂದು ಹೋದವಳು, ವೇದಿಕೆ ಹತ್ತಿದ ಮೇಲೆ ಧೈರ್ಯ ಸಾಲದೆ ‘ಸ್ವಲ್ಪ ಬಿಪಿ’ ಎಂದೆ. ಉಳಿದದ್ದು ಚೆನ್ನಾಗಿಯೇ ಬಂತು. ಹಸಿರು, ಉಸಿರು, ನಿದ್ದೆ, ಮೌನ. ಆಮೇಲೆ ಆ ವಾಕ್ಯ: “ನಮ್ಮ ತೋಟದ ಹೆಣ್ಣಾಳುಗಳನ್ನೇ ನೋಡಿ. ದಿನವಿಡೀ ಮರದ ಕೆಳಗೆ ಇರುತ್ತಾರೆ, ಅವರಿಗೆ ಬಿಪಿ ಇಲ್ಲ, ಶುಗರ್ ಇಲ್ಲ, ಚಿಂತೆ ಇಲ್ಲ.” ಮುಂದಿನ ಸಾಲಿನವರೆಲ್ಲ ತಲೆದೂಗಿ ಚಪ್ಪಾಳೆ ತಟ್ಟಿದರು. ನಾನು ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ತುಸು ಬಾಗಿ ಇಳಿದೆ.

ಅದಾಗಿ ಎಂಟು ದಿನ ಕಳೆದಿರಬೇಕು. ಅರೇಬಿಕಾ ಹಣ್ಣು ಕೊಯ್ಲು ಶುರುವಾಗಿತ್ತು. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ. ಹಳ್ಳ ಒಂದು. ಕುಟ್ರು ಹಕ್ಕಿ ಎರಡು. ದೂರದ ಹೆದ್ದಾರಿಯಲ್ಲಿ ಗೇರು ಬದಲಿಸುತ್ತಿದ್ದ ಬಸ್ಸು ಮೂರು. ಒಣಗಿದ ಎಲೆ ಬಿದ್ದದ್ದು ನಾಲ್ಕು. ಐದನೆಯದು ಮಳೆ ಹನಿ ಶುರುವಾದ ಹಾಗೆ ಕೇಳಿತು, ತರಗೆಲೆಯ ಮೇಲೆ ಪಟಪಟ. ಎಷ್ಟು ಒಳ್ಳೆಯ ಸದ್ದು ಎಂದುಕೊಂಡು ಕಣ್ಣು ಬಿಟ್ಟೆ. ಕಾಫಿ ಹಣ್ಣುಗಳು ಇಳಿಜಾರಿನಲ್ಲಿ ಉರುಳಿ ಬರುತ್ತಿದ್ದವು. ಒಂದು ನನ್ನ ಚಪ್ಪಲಿಗೆ ತಾಗಿ ನಿಂತಿತು.

ಆಗ ಮೇಲಿನಿಂದ ಧ್ವನಿ ಕೇಳಿತು. ನಾನು ಅಲ್ಲಿ ಕೂರತೊಡಗಿದ ಎರಡೂವರೆ ತಿಂಗಳಲ್ಲಿ ಮೊದಲ ಸಲ ಆ ಹೆಂಗಸರ ಧ್ವನಿ. ಬೆಲ್ಲ ತಗಾ, ಬೆಲ್ಲ, ಎಂದು ಯಾರೋ ಹೇಳುತ್ತಿದ್ದರು. ಕೊಡೆ ಊರಿಕೊಂಡು ಹತ್ತಿದೆ. ಹಿರಿಯ ಹೆಂಗಸು ಕಾಫಿ ಗಿಡದ ಬುಡಕ್ಕೆ ಒರಗಿ ಕುಸಿದಿದ್ದಳು. ಸೊಂಟಕ್ಕೆ ಕಟ್ಟಿದ್ದ ಬುಟ್ಟಿ ಮಗುಚಿತ್ತು. ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿ ಬೆವರಿಗೆ ಮೈಗೆ ಅಂಟಿಕೊಂಡಿತ್ತು, ಆ ಚಳಿಯ ಬೆಳಗಿನಲ್ಲಿ. ಕಣ್ಣು ಅರೆತೆರೆದಿತ್ತು. ಅವಳ ಕೈ ನಡುಗುತ್ತಿತ್ತು. ಆ ನಡುಕ ನನಗೆ ಗೊತ್ತಿದ್ದ ನಡುಕ. ಒಬ್ಬ ಸಣ್ಣ ವಯಸ್ಸಿನ ಹೆಂಗಸು ಸೆರಗಿನ ಗಂಟು ಬಿಚ್ಚಿ, ಬೆಲ್ಲ ಪುಡಿಮಾಡಿ, ಅವಳ ದವಡೆಯ ಸಂದಿಗೆ ಇಡುತ್ತಿದ್ದಳು. ಗಾಬರಿಯಿಲ್ಲದ, ಪಳಗಿದ ಕೈ. ಬೆಲ್ಲ ಸೆರಗಿನಲ್ಲೇ ಸಿದ್ಧವಿತ್ತು.

ಏನಾಯಿತು ಎಂದೆ. ಶುಗರ್ ಇಳಿದಿದೆ ಎಂದಳು. ಶುಗರ್ ಇದೆಯಾ ಇವಳಿಗೆ ಎಂದೆ.

“ನಾಕ್ ವರ್ಷ ಆಯ್ತಲ್ಲಮ್ಮ. ಹಿಂಗಾಗದು ಇದು ಮೂರ್ನೇ ಸಲ” ಎಂದವಳು, ಹೇಳಬಾರದಿತ್ತು ಎಂಬಂತೆ ತುಟಿ ಕಚ್ಚಿಕೊಂಡಳು.

ಅವರ ಹಿಂದೆ ಒಂದು ಕಾಫಿ ರೆಂಬೆಗೆ ಬಟ್ಟೆಯ ಚೀಲಗಳು ಸಾಲಾಗಿ ತೂಗುತ್ತಿದ್ದವು. ರೆಂಬೆ ಬಾಗಿತ್ತು. ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ವಾಚು ನೋಡಿದೆ, ಹನ್ನೊಂದೂ ಕಾಲು. ಇಷ್ಟು ಹೊತ್ತಾದರೂ ಯಾಕೆ ಯಾರೂ ತಿಂಡಿ ತಿಂದಿಲ್ಲ ಎಂದು ಕೇಳಿದೆ. ಎಲ್ಲರೂ ನನ್ನ ಕೈ ನೋಡಿದರು. ಕೈಯಲ್ಲಿ ಕೊಡೆ ಇತ್ತು.

ಜೀಪು ಬಂತು. ಅಷ್ಟರಲ್ಲಿ ಅವಳಿಗೆ ಸ್ವಲ್ಪ ಎಚ್ಚರ ಬಂದು, ಎಂತಕ್ಕೆ ಜೀಪು, ನಂಗೆ ಹುಷಾರಾಯ್ತು ಎನ್ನುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು ನಾನು ಮತ್ತು ಆ ಸಣ್ಣ ಹೆಂಗಸು ಕೂತೆವು. ಬಣಕಲ್ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಾನು ಒಂದೊಂದೇ ಕೇಳಿದೆ, ಆ ಸಣ್ಣವಳು ಒಂದೊಂದೇ ಹೇಳಿದಳು. ಅತ್ತಿಮರದ ಬುಡ ಅವರು ಹತ್ತು ಗಂಟೆಗೆ ತಿಂಡಿಗೆ ಕೂರುವ ಜಾಗ, ಅವಳು ಹುಟ್ಟುವ ಮೊದಲಿನಿಂದಲೂ. ಆ ಪಟ್ಟೆಯಲ್ಲಿ ಕೈತೊಳೆಯಲು ನೀರಿರುವುದು ಅಲ್ಲೇ. ಮೂರು ಕಲ್ಲಿನ ಒಲೆಯಲ್ಲಿ ಬೆಲ್ಲದ ಕಾಫಿ ಬಿಸಿಮಾಡಿಕೊಳ್ಳುತ್ತಿದ್ದರು. ಕೂದಲು ಕೆದರಿದವರು ಬಾಚಿಕೊಳ್ಳಲು ಬಾಚಣಿಗೆ. ನಾನು ಬರಲು ಶುರುಮಾಡಿದ ಮೇಲೆ, ಅಮ್ಮಾವ್ರು ತೋಟದಲ್ಲಿರುವಾಗ ಕೂರುವುದು ಹೇಗೆ ಎಂದು, ನಾನು ಎದ್ದು ಹೋದ ಮೇಲೆ ಇದ್ದಲ್ಲೇ ನಿಂತು ತಿನ್ನುವುದೆಂದು ಮಾಡಿಕೊಂಡಿದ್ದರು. ಮೊದಲು ಹನ್ನೊಂದಕ್ಕೆ ಹೋಗ್ತಿದ್ರಿ ಅಮ್ಮ, ಈಗೀಗ ಹನ್ನೊಂದೂವರೆ ಆಗುತ್ತೆ ಎಂದಳು. ದೂರಿನ ದನಿಯಲ್ಲ, ಬಸ್ಸಿನ ಹೊತ್ತು ಹೇಳುವ ದನಿ. ಹಿರಿಯಳು ಬೆಳಿಗ್ಗೆ ಏಳಕ್ಕೆ ಅರ್ಧ ರೊಟ್ಟಿ ತಿಂದು ಶುಗರ್ ಮಾತ್ರೆ ನುಂಗಿ ಬರುವವಳು. ಹತ್ತಕ್ಕೆ ಹೊಟ್ಟೆಗೆ ಬೀಳದಿದ್ದರೆ ಕಣ್ಣು ಕತ್ತಲೆ ಬರುತ್ತದೆ.

“ಬಾಯ್ ಮುಚ್ಚೇ ಮಾರಾಯ್ತಿ” ಎಂದಳು ನಡುವೆ ಕೂತವಳು, ಕಣ್ಣು ಬಿಡದೆ.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳು ಚುಚ್ಚಿ ನೋಡಿ ಅವಳಿಗೆ ಗದರಿದರು. ಮಾತ್ರೆ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಒಂದು ದಿನ ತೋಟದಲ್ಲೇ ಹೋಗಿಬಿಡುತ್ತೀಯ, ಎಷ್ಟು ಸಲ ಹೇಳಬೇಕು, ಯಾಕೆ ತಿನ್ನಲಿಲ್ಲ ಎಂದರು.

ಅವಳು ನನ್ನ ಕಡೆ ನೋಡಲಿಲ್ಲ. “ಮರ್ತ್ ಹೋಯ್ತು ಡಾಕ್ಟ್ರೇ” ಎಂದಳು.

ಡಾಕ್ಟರು ನನ್ನ ಕಡೆ ತಿರುಗಿ, ನೀವಾದರೂ ಸ್ವಲ್ಪ ನೋಡಿಕೊಳ್ಳಿ ಮೇಡಂ, ಇವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ.

ನಿಜ ಹೇಳಲು ನನಗೆ ಬೇಕಿದ್ದದ್ದು ಒಂದು ಮಾತು. ಅಲ್ಲಿ ಇದ್ದದ್ದು ನಾವು ನಾಲ್ಕೇ ಜನ. ನಾನು ಬಾಯಿ ಬಿಡಲಿಲ್ಲ. ಇಸ್ತ್ರಿ ಮಾಡಿದ ಸೀರೆಯಲ್ಲಿ, ಅತ್ತೆಯವರ ಕೊಡೆ ಹಿಡಿದುಕೊಂಡು, ಅವಳ ಸುಳ್ಳಿನ ಮರೆಯಲ್ಲಿ ನಿಂತಿದ್ದೆ. ಬೋರ್ಡಿಂಗಿನಲ್ಲಿ ಮಲಗುವ ಮುಂಚೆ ಆ ದಿನ ಮಾಡಿದ ತಪ್ಪುಗಳನ್ನು ಮನಸ್ಸಿನಲ್ಲೇ ನೆನೆಯಬೇಕಿತ್ತು. ನಾವು ಹಿಂದೂ ಹುಡುಗಿಯರೂ ಎಲ್ಲರ ಜೊತೆ ಮಂಡಿಯೂರುತ್ತಿದ್ದೆವು. ಪೆನ್ಸಿಲ್ ಕದ್ದದ್ದು, ಊಟ ಚೆಲ್ಲಿದ್ದು, ಅಂಥವು. ಆ ದಿನ ಸಂಜೆ ದೇವರಿಗೆ ದೀಪ ಹಚ್ಚಿ ಕೂತಾಗ ಅದೇ ಅಭ್ಯಾಸದಿಂದ ನೆನೆಯಲು ಹೋದೆ. ಕಲ್ಲು ಹಳ್ಳಕ್ಕೆ ಹಾಕಿಸಿದ್ದು, ಚಪ್ಪಾಳೆ, ‘ಎಷ್ಟು ಚೆಂದ’. ಆದರೆ ಮತ್ತೆ ಮತ್ತೆ ಬಂದದ್ದು ಆ ತಲೆಯಾಡಿಸಿದ್ದು.

ಮಾರನೆಯ ದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ತೋಟದ ಕೆಲಸದವರ ಲೈನಿನಲ್ಲಿ ಕೊನೆಯ ಮನೆ. ಇಪ್ಪತ್ತಾರು ವರ್ಷದಲ್ಲಿ ಆ ಬಾಗಿಲಿನವರೆಗೆ ನಾನು ಹೋದದ್ದು ಎರಡು ಸಲ, ಎರಡೂ ಸಾವಿಗೆ. ಕೊಡೆ ತೆಗೆದುಕೊಂಡು ಹೋಗಲಿಲ್ಲ. ಅವಳು ಹೊಸಿಲ ಹತ್ತಿರ ಕಾಲು ಚಾಚಿ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ಎದ್ದು ನಿಲ್ಲಲು ಹೋದಳು, ಬೇಡ ಎಂದೆ. ಪ್ಲಾಸ್ಟಿಕ್ ಕುರ್ಚಿ ಒರೆಸಿ ಇಟ್ಟಳು. ನಾನು ಕೂರುವುದೋ ನಿಲ್ಲುವುದೋ ತಿಳಿಯದೆ, ಕೊನೆಗೆ ಕುರ್ಚಿಯ ತುದಿಯಲ್ಲಿ ಕೂತೆ.

“ತಪ್ಪಾಯ್ತು ಅಕ್ಕ” ಎಂದೆ.

ಕಾನ್ವೆಂಟಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಸಾರಿ ಹೇಳುತ್ತಿದ್ದೆವು, ಕಾಲು ತಾಗಿದರೆ, ಬಾಗಿಲು ಬಡಿದರೆ. ಈ ಎರಡು ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಅವಳು ಹೀರೇಕಾಯಿ ಕೆಳಗಿಟ್ಟು ನನ್ನನ್ನು ನೋಡಿ, ನಗಲೋ ಬೇಡವೋ ಎಂದು ಯೋಚಿಸಿದ ಹಾಗಿತ್ತು.

“ಅಕ್ಕ ಅಂತೆಲ್ಲ ಕರಿಬೇಡಿ ಅಮ್ಮ” ಎಂದಳು. “ನೀವು ಅಕ್ಕ ಅಂದ್ರೆ ಇನ್ನೆಂತ ಕೆಲಸ ಹೇಳ್ತೀರೋ ಅಂತ ಹೆದ್ರಿಕೆ ಆಗುತ್ತೆ.”

ನಗು ಬಂತು, ಅದರ ಜೊತೆಗೇ ಅಳುವೂ. ಒಂದು ಮಾತು ಯಾಕೆ ಹೇಳಲಿಲ್ಲ, ನನಗಲ್ಲದಿದ್ದರೆ ಮೇಸ್ತ್ರಿಯ ಕೈಲಾದರೂ ಹೇಳಿಸಬಹುದಿತ್ತಲ್ಲ ಎಂದೆ. ಈ ಪ್ರಶ್ನೆ ಕೇಳುವಾಗ ನನ್ನ ಮನಸ್ಸಿನಲ್ಲಿ ಉತ್ತರವೂ ಸಿದ್ಧವಿತ್ತು. ಹೆದರಿಕೆ ಎನ್ನುತ್ತಾಳೆ, ನಿಮ್ಮತ್ತೆಯವರ ಕಾಲದಿಂದ ಬಂದದ್ದು ಎನ್ನುತ್ತಾಳೆ, ನಾನು ಅತ್ತೆಯವರ ಮೇಲೆ ಅರ್ಧ ಭಾರ ಹಾಕಿ ಎದ್ದು ಬರಬಹುದು.

“ಮೊದ್ಲು ಕೊಡೆ ನೋಡಿ ಹೆದ್ರಿದ್ದು ಹೌದು” ಎಂದಳು. “ಆಮೇಲೆ ಮೇಸ್ತ್ರಿ ಹೇಳಿದ್ರು, ಅಮ್ಮಂಗೆ ಮನಸಿಗೆ ಹುಷಾರಿಲ್ವಂತೆ, ಮರದ ಕೆಳಗೆ ಕೂತ್ರೆ ವಾಸಿ ಆಗುತ್ತೆ ಅಂದಿದಾರಂತೆ ಡಾಕ್ಟ್ರು ಅಂತ. ಹುಷಾರಿಲ್ದೋರ ಹತ್ರ ಏಳಿ ಅನ್ನಕ್ಕಾಗುತ್ತಾ? ನಿಮ್ ಮುಖ ದಿನಾ ಒಂಚೂರು ಗೆಲುವಾಗ್ತಾ ಬಂತು. ಗಲಾಟೆ ಮಾಡದ್ ಬೇಡ, ಇನ್ನೊಂದಷ್ಟು ದಿನ ಕೂರ್ಲಿ ಅಂದ್ಕಂಡ್ವಿ.”

ಕಳಸದ ಅತ್ತಿಗೆಗೆ, ನಾದಿನಿಗೆ, ಸಂಘದವರಿಗೆ, ಇಡೀ ಲೋಕಕ್ಕೆ ಗ್ಯಾಸ್ಟ್ರಿಕ್ ಎಂದೂ ಬಿಪಿ ಎಂದೂ ಮುಚ್ಚಿಟ್ಟದ್ದು ಈ ಲೈನಿನ ಎಂಟು ಮನೆಗೂ ಮೊದಲ ವಾರದಿಂದಲೇ ಗೊತ್ತಿತ್ತು. ಅವರು ಅದನ್ನು ಆಡಿಕೊಳ್ಳಲಿಲ್ಲ. ಹಸಿದುಕೊಂಡು ಸುಮ್ಮನಿದ್ದರು. ನಾನು ಭಾಷಣದಲ್ಲಿ ಹೊಗಳಿದ ಮೌನ ಕಾಡಿನದಾಗಿರಲಿಲ್ಲ.

ಆ ಮರದ ಕೆಳಗೆ ಐದು ಸದ್ದು ಎಣಿಸುತ್ತಾ ಕೂತರೆ ನನಗೆ ಮನಸ್ಸು ಹಗುರವಾಗುತ್ತದೆ, ನಿನಗೂ ಹಾಗೇ ಅನಿಸುತ್ತದಾ ಎಂದು ಕೇಳಿದೆ. ಪೆದ್ದು ಪ್ರಶ್ನೆ. ಅವಳು ಹೀರೇಕಾಯಿ ಮತ್ತೆ ಕೈಗೆತ್ತಿಕೊಂಡಳು. ತನಗೆ ಸದ್ದು ಎಣಿಸಲೆಲ್ಲ ಬರುವುದಿಲ್ಲ ಎಂದಳು. ಅರ್ಧ ಗಂಟೆ ಕಾಲು ಚಾಚಿ, ಬಿಸಿ ಕಾಫಿ ಕುಡಿದು, ಎಲ್ಲರೂ ಸೇರಿ ಯಾರನ್ನಾದರೂ ಆಡಿಕೊಂಡು ನಕ್ಕರೆ ಮಂಡಿ ನೋವು ಸಂಜೆವರೆಗೆ ಸುಮ್ಮನಿರುತ್ತದೆ. ಗಂಡ ಸತ್ತ ವರ್ಷ ಮನೆಯಲ್ಲಿ ಅನ್ನ ಇಳಿಯುತ್ತಿರಲಿಲ್ಲ, ಅಲ್ಲಿ ಕೂತರೆ ಇಳಿಯುತ್ತಿತ್ತು. ಈ ಎರಡೂವರೆ ತಿಂಗಳು ರೆಂಬೆಗಳ ನಡುವೆ ಅವಸರದಲ್ಲಿ ನಿಂತು ತಿಂದು ರುಚಿಯೇ ಗೊತ್ತಾಗಲಿಲ್ಲ ಎಂದಳು. ಚಿಕ್ಕಮಗಳೂರಿನ ಡಾಕ್ಟರು ನನಗೆ ಚೀಟಿಯಲ್ಲಿ ಬರೆದುಕೊಟ್ಟದ್ದು ಇವರ ಹತ್ತಿರ ಮೊದಲೇ ಇತ್ತು. ನಾನು ಹೋಗಿ ಅದರ ಮೇಲೆ ಕೂತುಬಿಟ್ಟಿದ್ದೆ.

ಹತ್ತು ಗಂಟೆ ಅವರದು, ಆ ಜಾಗ ಅವರದು, ನಾನು ಆ ಹೊತ್ತಿಗೆ ಆ ಕಡೆ ಬರುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿದೆ. ಮೂರು ದಿನ ಯಾರೂ ಅಲ್ಲಿಗೆ ಇಳಿಯಲಿಲ್ಲ. ಯಾವಾಗ ಬಂದುಬಿಡುತ್ತಾರೋ ಎನ್ನುವ ಅನುಮಾನ. ನಾಲ್ಕನೆಯ ದಿನದಿಂದ ನಾನು ಒಂದು ಕೆಲಸ ಮಾಡಿದೆ. ಬೆಳಿಗ್ಗೆ ಅತ್ತೆಯವರ ಕೊಡೆಯನ್ನು ಒಯ್ದು ಕಣದ ಕಂಬದ ಮೊಳೆಗೆ ನೇತುಹಾಕತೊಡಗಿದೆ. ಮೇಲಿನ ಪಟ್ಟೆಯಿಂದ ನೋಡಿದರೆ ಆ ಕಂಬ ಕಾಣುತ್ತದೆ. ಕೊಡೆ ಅಲ್ಲಿದ್ದರೆ ನಾನು ಮನೆಯಲ್ಲಿದ್ದೇನೆ ಎಂದು ಅರ್ಥ. ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಅಂದು ಹತ್ತೂ ಕಾಲಿಗೆ ಜಗಲಿಯಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಾಗ ಹಳ್ಳದ ಕಡೆಯಿಂದ ನಗು ಕೇಳಿತು. ಯಾರನ್ನು ಆಡಿಕೊಂಡು ನಗುತ್ತಿದ್ದರೋ. ನನ್ನನ್ನೇ ಇರಬಹುದು.

ಎರಡು ವಾರದ ನಂತರ ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋದಾಗ ಬಣಕಲ್ ಡಾಕ್ಟರ ಹತ್ತಿರ, ಅವತ್ತು ಅವಳು ಮರೆತದ್ದಲ್ಲ, ನನ್ನಿಂದಾಗಿ ತಿನ್ನಲಾಗಲಿಲ್ಲ ಎಂದು ಹೇಳಿದೆ. ಹೊರಗೆ ಜನ ಕಾಯುತ್ತಿದ್ದರು. ಅವರಿಗೆ ನೆನಪೂ ಇರಲಿಲ್ಲ. ಹೌದಾ, ಸರಿ ಎಂದು ಮುಂದಿನವರನ್ನು ಕರೆದರು. ಹೇಳಬೇಕಾದ ದಿನ ಹೇಳದ ಮಾತಿಗೆ ಅಷ್ಟೇ ಬೆಲೆ. ಹೊರಗೆ ಬಂದ ಮೇಲೆ ಅವಳು, ಅದನ್ನೆಲ್ಲ ಎಂತಕ್ಕೆ ಹೇಳಕ್ಕೆ ಹೋದ್ರಿ ಎಂದು ನನಗೇ ಗದರಿದಳು.

ನಾನು ಈಗ ಅತ್ತಿಮರಕ್ಕೆ ಹೋಗುವುದು ಸಂಜೆ, ಅವರೆಲ್ಲ ಕೆಲಸ ಬಿಟ್ಟು ಹೋದ ಮೇಲೆ. ಬೆಳಗಿನಷ್ಟು ಹಕ್ಕಿಗಳಿಲ್ಲ, ಸೊಳ್ಳೆ ಇದೆ, ಬೆಳಕು ಬೇಗ ಇಳಿಯುತ್ತದೆ. ನಡುವೆ ಕೆಲವು ದಿನ ಟ್ರೇ ಮತ್ತೆ ಕಿಣಿಕಿಣಿ ಎಂದಿತು. ಡಾಕ್ಟರಿಗೆ ಹೇಳಿ ಮಾತ್ರೆ ಮೊದಲಿನಷ್ಟೇ ಮಾಡಿಸಿಕೊಂಡೆ. ಈಗ ಪರವಾಗಿಲ್ಲ. ಮರದ ಕೆಳಗೆ ಕೂತರೆ ಗುಣವಾಗುತ್ತದೆಯೇ ಎಂದು ಕೇಳುವ ಸಂಘದ ಗೆಳತಿಯರಿಗೆ ಈಗಲೂ ಹೌದು ಎನ್ನುತ್ತೇನೆ. ನನಗೆ ಬಂದದ್ದು ಮನಸ್ಸಿನ ಕಾಯಿಲೆ ಎಂದೂ ಹೇಳುತ್ತೇನೆ. ಆದರೆ ಹೋಗುವ ಮೊದಲು ಅಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿ. ನಮ್ಮ ತೋಟದ ಹೆಂಗಸರಿಗೆ ಶುಗರ್ ಇದೆ, ಬಿಪಿ ಇದೆ, ಮಂಡಿ ನೋವಿದೆ, ಚಿಂತೆಯೂ ಇದೆ. ಭಾಷಣದ ಆ ವಾಕ್ಯವನ್ನು ದಯವಿಟ್ಟು ಅಚ್ಚು ಹಾಕಬೇಡಿ.

ನಿನ್ನೆ ಸಂಜೆ ಹೋದಾಗ ಮೂರು ಹೊಸ ಕಲ್ಲುಗಳಿದ್ದವು. ಹಳೆಯವನ್ನು ಹಳ್ಳದಿಂದ ಎತ್ತಿಸಿಕೊಡಲೇ ಎಂದು ನಾನು ಕೇಳಿದ್ದೆ, ಬೇಡ, ನೀರು ಕುಡಿದ ಕಲ್ಲು ಬೆಂಕಿಗೆ ಸಿಡಿಯುತ್ತದೆ ಎಂದಿದ್ದರು. ಬೂದಿ ಆರಿತ್ತು. ಬಾಚಣಿಗೆ ಇತ್ತು. ಬೆಂಚು ಬೇಡವಾದರೆ ತೆಗೆಸಿಬಿಡುತ್ತೇನೆ ಎಂದಾಗ ಇರಲಿ ಎಂದವರು, ಇವತ್ತಿನವರೆಗೂ ಅದರ ಮೇಲೆ ಒಬ್ಬರೂ ಕೂತದ್ದಿಲ್ಲ. ಇರುವೆ ಹತ್ತದ ಹಾಗೆ ಬುತ್ತಿ ಡಬ್ಬಿಗಳನ್ನು ಅದರ ಮೇಲೆ ಸಾಲಾಗಿ ಇಡುತ್ತಾರೆ. ಹಲಗೆಯ ಮೇಲೆ ಡಬ್ಬಿಯ ತಳದ ಉರುಟು ಗುರುತುಗಳು, ಒಂದರ ಮೇಲೊಂದು, ಕಾಫಿ ಬಣ್ಣಕ್ಕೆ ತಿರುಗಿವೆ. ಒರೆಸಲು ಸೆರಗು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬೇರಿನ ಮೇಲೆ ಕೂತೆ.